ಖಾರವಿಲ್ಲದ ಕೈ

ನನ್ನದು ಒಣಮೈ. ಇದನ್ನು ನಾನಾಗಿ ಯಾರಿಗೂ ಹೇಳಿಕೊಂಡವಳಲ್ಲ. ಹೇಳುವ ಅಗತ್ಯವೂ ಬೀಳುತ್ತಿರಲಿಲ್ಲ. ದೀಪಾವಳಿ ಮುಗಿದು ಗಾಳಿ ತಿರುಗಿತೆಂದರೆ ಮೊಣಕಾಲಿನಿಂದ ಕೆಳಗೆ ಬೂದಿ ಬಳಿದಂತೆ ಬೆಳ್ಳಗಾಗುತ್ತಿತ್ತು, ನೋಡಿದವರೇ ಹೇಳುತ್ತಿದ್ದರು. ರಾಣೆಬೆನ್ನೂರಿನ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಒಮ್ಮೆ ಪಾಟಿ ಮರೆತು ಬಂದು, ನನ್ನ ಕಾಲ ಮೇಲೆ ಉಗುರಿನಿಂದ ಮಗ್ಗಿ ಬರೆದಿದ್ದಳು. ಏಳೆಂಟಲೆ ಐವತ್ತಾರು ಎಂಬುದು ಸಂಜೆ ಮನೆಗೆ ಹೋಗುವವರೆಗೂ ಅಳಿಸದೆ ಇತ್ತು. ಅವ್ವ ಅದನ್ನು ನೋಡಿ ಮೊದಲು ನಕ್ಕಳು, ಆಮೇಲೆ ಕುಸುಬಿ ಎಣ್ಣೆಯ ಬಾಟಲಿ ತಂದಳು.

ಒಣಮೈಯವರಿಗೆ ಸಿಗುವಷ್ಟು ಪುಕ್ಕಟೆ ಸಲಹೆ ಮದುವೆಯಾಗದೆ ಉಳಿದ ಹುಡುಗಿಗೂ ಸಿಗಲಿಕ್ಕಿಲ್ಲ. ಕೊಬ್ಬರಿ ಎಣ್ಣೆ ಹಚ್ಚು ಎಂದು ಒಬ್ಬರು, ಬೆಣ್ಣೆ ಹಚ್ಚು ಎಂದು ಇನ್ನೊಬ್ಬರು. ಹಾಲಿನ ಕೆನೆಗೆ ಕಡಲೆ ಹಿಟ್ಟು ಕಲಸಿ ತಿಕ್ಕು ಎಂದವರು ಮನೆಯಲ್ಲಿ ಎಮ್ಮೆ ಕಟ್ಟಿದವರು. ನೀರು ಕುಡಿಯುವುದಿಲ್ಲ ನೀನು, ಅದಕ್ಕೇ ಹೀಗೆ ಎಂದು ನನ್ನನ್ನೇ ಕಟಕಟೆಗೆ ನಿಲ್ಲಿಸಿದವರು ಉಳಿದವರು. ಎಲ್ಲವನ್ನೂ ಮಾಡಿದೆ. ಕುಸುಬಿ ಎಣ್ಣೆ ಹಚ್ಚಿಕೊಂಡು ಶಾಲೆಗೆ ಹೋದರೆ ಒಗ್ಗರಣೆ ಬಂತು ಅನ್ನುತ್ತಿದ್ದರು. ಕಡಲೆ ಹಿಟ್ಟು ತಿಕ್ಕಿದರೆ ಮೈ ಕೆಂಪಗಾಗಿ ಉರಿಯುತ್ತಿತ್ತು. ನನ್ನ ಚರ್ಮ ಬರೀ ಒಣಗಿದ್ದಲ್ಲ, ಸಿಟ್ಟಿನದೂ ಹೌದು. ಪರಿಮಳದ ಸೋಪು ತಾಕಿದರೆ ದದ್ದು, ಉಣ್ಣೆ ಸ್ವೆಟರ್ ತಾಕಿದರೆ ತುರಿಕೆ. ಮದುವೆಯ ಅರಿಶಿನ ಶಾಸ್ತ್ರದಲ್ಲಿ ಮುತ್ತೈದೆಯರು ಕೆನ್ನೆಗೆ ಅರಿಶಿನ ಹಚ್ಚಿದ್ದೇ ತಡ, ಮಾರನೇ ದಿನ ಅಕ್ಷತೆಯ ಹೊತ್ತಿಗೆ ಮುಖವೆಲ್ಲ ಕೆಂಪೇರಿತ್ತು. ಫೋಟೋ ನೋಡಿದವರೆಲ್ಲ ಹುಡುಗಿ ಎಷ್ಟು ನಾಚಿದ್ದಾಳೆ ನೋಡಿ ಅನ್ನುತ್ತಾರೆ. ನಾಚಿಕೆಯೂ ಇಲ್ಲ, ಏನೂ ಇಲ್ಲ. ತುರಿಸಿಕೊಳ್ಳಲಾಗದೆ ಹಲ್ಲು ಕಚ್ಚಿ ಕೂತಿದ್ದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನನ್ನನ್ನು ಕೊಟ್ಟದ್ದು ಬ್ಯಾಡಗಿಗೆ. ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆ ಮುಗಿಯುವಷ್ಟು ದೂರ. ಚಳಿಗಾಲದಲ್ಲಾದರೆ ಯಾರೂ ಎಬ್ಬಿಸಬೇಕಿಲ್ಲ, ಮೆಣಸಿನಕಾಯಿಯ ಘಾಟಿಗೆ ತಾನೇ ಸೀನು ಬಂದು ಎಚ್ಚರವಾಗುತ್ತದೆ. ಬೀಗರು ಬಂದು ಸೀನುತ್ತ ಕೂತರೆ ಊರಿನವರಿಗೆ ಒಂದು ಥರದ ಖುಷಿ. "ಹೊಸಬರು" ಎಂದು ನಗುತ್ತಾರೆ. ಮೊದಲ ವರ್ಷ ನನ್ನನ್ನೂ ನೋಡಿ ನಕ್ಕರು. ಎರಡನೇ ವರ್ಷಕ್ಕೆ ನನ್ನ ಸೀನು ನಿಂತುಹೋಯಿತು, ಅತ್ತೆಗೆ ಬಹಳ ಸಮಾಧಾನವಾಯಿತು.

ಮಾವನವರದು ಸಣ್ಣ ದಲಾಲಿ ಅಂಗಡಿ. ಸುಗ್ಗಿಯ ಕಾಲದಲ್ಲಿ ಅಂಗಡಿಯಲ್ಲಿ ಹಿಡಿಯದಷ್ಟು ಚೀಲ ಬಂದಾಗ ಕೆಲವು ನಮ್ಮ ಹಿತ್ತಲ ಅಂಗಳಕ್ಕೆ ಬರುತ್ತಿದ್ದವು. ಕಾಯಿಯ ತೊಟ್ಟಿಗೆ ಅಲ್ಲಿ ತುಂಬು ಎನ್ನುತ್ತಾರೆ. ತುಂಬು ಬಿಡಿಸಿದ ಕಾಯಿಗೆ ಬೇರೆ ಗಿರಾಕಿ, ಪುಡಿ ಮಾಡುವವರು ಅದನ್ನೇ ಕೇಳುತ್ತಾರೆ. ಅಂಗಳದಲ್ಲಿ ತಾಡಪತ್ರಿ ಹಾಸಿ ಕೆಂಪು ರಾಶಿ ಸುರಿದರೆ ಅತ್ತೆ, ನಾನು, ಹಿಂದಿನ ಓಣಿಯಿಂದ ಕೂಲಿಗೆ ಬರುವ ಒಬ್ಬ ಮುದುಕಿ, ಸುತ್ತ ಕೂತು ತುಂಬು ಮುರಿಯುತ್ತಿದ್ದೆವು. ಮುದುಕಿಗೆ ಅದು ಕೂಲಿ. ನಮಗೆ ಅದು ಕೆಲಸವೇ ಅಲ್ಲ. ನಮ್ಮ ಮನೆಯಲ್ಲಿ ಕೆಲಸವೆಂದರೆ ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು, ಪಾತ್ರೆ ತಿಕ್ಕುವುದು. ತುಂಬು ಬಿಡಿಸುವುದು ಮಾತಾಡುತ್ತ ಕೂತಾಗ ಕೈ ಸುಮ್ಮನಿರಬಾರದೆಂದು ಮಾಡುವಂಥದ್ದು. ಬೆಳಗಿನ ರೊಟ್ಟಿಯಾದ ಮೇಲೆ ಕೂತರೆ ಊಟದ ಹೊತ್ತಿನವರೆಗೂ ಹೀಗೆ ಸುಮ್ಮನೆ ಕೂತಿರುತ್ತಿದ್ದೆವು.

ನನ್ನ ಕೈ ಉರಿಯುತ್ತಿತ್ತೇ ಎಂದು ಕೇಳಿದರೆ, ಉರಿಯುತ್ತಿತ್ತು. ಆದರೆ ನನ್ನ ಕೈ ಯಾವಾಗ ಉರಿದಿರಲಿಲ್ಲ? ಬೆರಳ ಸಂದಿ ಒಡೆದು, ಗೆಣ್ಣಿನ ಮೇಲೆ ಗೆರೆ ಬಿದ್ದು, ರೊಟ್ಟಿಗೆ ನೀರು ಸವರಿದರೂ ಚುರ್ ಅನ್ನುತ್ತಿತ್ತು. ಅತ್ತೆಯ ಹತ್ತಿರ ಒಮ್ಮೆ ಹೇಳಿದೆ. "ಬ್ಯಾಡಗಿ ಕಾಯಿ ಖಾರ ಇಲ್ಲವಾ, ಬರೇ ಬಣ್ಣ. ಯಾರರ ಕೇಳಿದರ ನಕ್ಕಾರು," ಎಂದರು. ಅದು ಆ ಊರಿನ ಹೆಮ್ಮೆಯ ಮಾತು. ಸುಳ್ಳೂ ಅಲ್ಲ. ನಿರಿಗೆ ನಿರಿಗೆಯಾಗಿ ಕಡುಗೆಂಪಗಿರುವ ಆ ಕಾಯಿ ಸಾರಿಗೆ ಬಣ್ಣ ಕೊಡುವುದೇ ಹೆಚ್ಚು. ಹಾಗಾಗಿ ಉರಿಗೆ ಕಾರಣ ಕಾಯಿಯಲ್ಲ, ಸೊಸೆಯ ಒಣಮೈ ಎಂದು ತೀರ್ಮಾನವಾಯಿತು. ನಾನೂ ಒಪ್ಪಿಕೊಂಡೆ. ನನ್ನ ಚರ್ಮದ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಕನ್ನಡಿಯ ಹತ್ತಿರ ನಾನಿಟ್ಟುಕೊಂಡಿದ್ದ ಸಣ್ಣ ಕ್ರೀಮಿನ ಡಬ್ಬಿಯ ಮೇಲೆ ಅತ್ತೆಗೆ ಕಣ್ಣು. "ಯಾರಿಗಿ ತೋರ್ಸಾಕ ಇದೆಲ್ಲಾ?" ಎನ್ನುತ್ತಿದ್ದರು. ಅವರ ಲೆಕ್ಕದಲ್ಲಿ ಹಚ್ಚಿಕೊಳ್ಳುವುದೆಂದರೆ ಸಿಂಗಾರ. ಹಿಮ್ಮಡಿ ಒಡೆದು ರಕ್ತ ಬಂದವಳಿಗೆ ಎಂಥ ಸಿಂಗಾರ? ಬಾಯಿಗೆ ಬಂದ ಉತ್ತರವನ್ನು ನುಂಗಿ ನುಂಗಿ ನನಗೆ ಆ ಮನೆಯಲ್ಲಿ ಹಸಿವೇ ಆಗುತ್ತಿರಲಿಲ್ಲ.

ಮಗಳು ಹುಟ್ಟಿದ್ದು ತವರಿನಲ್ಲಿ, ಮಳೆಗಾಲದಲ್ಲಿ. ಎರಡನೇ ತಿಂಗಳಿಗೆ ಅವಳ ಮೊಣಕೈ ಮಡಿಕೆಯಲ್ಲಿ ಒರಟು ಕಾಣಿಸಿತು. ಬೆರಳಾಡಿಸಿ ನೋಡಿದೆ. ಬಣ್ಣ ಅಪ್ಪನದು, ಮೂಗು ಅಜ್ಜಿಯದು ಎಂದು ಎಲ್ಲರೂ ಹಂಚಿಕೊಂಡಿದ್ದರು. ನನ್ನ ಪಾಲಿಗೆ ಉಳಿದದ್ದು ಚರ್ಮ. ಆದರೂ ಅವ್ವ ದಿನಾ ಎಣ್ಣೆ ತಿಕ್ಕಿ ಬಿಸಿನೀರು ಎರೆದು ಹೇಗೋ ಹತೋಟಿಯಲ್ಲಿಟ್ಟಿದ್ದಳು. ಐದು ತಿಂಗಳು ತುಂಬಿ ಬ್ಯಾಡಗಿಗೆ ಕರೆದುಕೊಂಡು ಬಂದದ್ದು ಚಳಿ ಸುರುವಾದ ಮೇಲೆ. ಅಂಗಳಕ್ಕೆ ಚೀಲ ಇಳಿಯುತ್ತಿದ್ದ ದಿನಗಳು.

ಹತ್ತು ದಿನ ಕಳೆಯುವುದರೊಳಗೆ ಮಗುವಿನ ಎರಡೂ ಕೆನ್ನೆ ಕೆಂಪಗೆ ಸುಟ್ಟಂತಾದವು. ಅತ್ತೆ, "ನಿನ್ನ ಮೈನ ಬಂದೈತಿ" ಎಂದರು, ಆಸ್ತಿ ಬಂದಿದೆ ಎನ್ನುವ ಧಾಟಿಯಲ್ಲಿ. ಹಾವೇರಿಯಲ್ಲಿ ಚರ್ಮದ ಡಾಕ್ಟರರೊಬ್ಬರು ಇದ್ದಾರೆಂದು ಯಾರೋ ಹೇಳಿದರು. ಅತ್ತೆ, ನಾನು, ಕೂಸು ಬಸ್ಸು ಹತ್ತಿದೆವು. ಮಹಡಿಯ ಮೇಲಿನ ದವಾಖಾನೆ. ಗುತ್ತಲದ ಕಡೆಯಿಂದ, ಅಗಡಿಯಿಂದ ಬಂದವರೆಲ್ಲ ಬೆಂಚಿನ ಮೇಲೆ ಕೂತು ತಂತಮ್ಮ ದದ್ದುಗಳನ್ನು ಹೋಲಿಸಿ ನೋಡುತ್ತಿದ್ದರು. ಡಾಕ್ಟರು ವಯಸ್ಸಾದವರು, ಮಾತು ಮೆತ್ತಗೆ. ಮಗುವಿನ ಕೆನ್ನೆ ನೋಡಿದರು, ನನ್ನ ಕೈಯನ್ನೂ ತಿರುಗಿಸಿ ನೋಡಿದರು.

"ನೀವು ಏನ್ ಕೆಲಸ ಮಾಡ್ತೀರಮ್ಮ?" ಎಂದು ಕೇಳಿದರು.

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಹೇಳಿದರು, "ಏನಿಲ್ರಿ, ಮನ್ಯಾಗ ಇರ್ತಾಳ."

ನಾನು ಹೌದೆಂದು ತಲೆಯಾಡಿಸಿದೆ. ಈ ಮಾತನ್ನು ನಾನು ಅತ್ತೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು, ಆದರೆ ಅದು ಸರಿಯಲ್ಲ. ಅವರು ಸುಮ್ಮನಿದ್ದರೂ ನಾನು ಹೇಳುತ್ತಿದ್ದದ್ದು ಅದನ್ನೇ. ಏನಿಲ್ರಿ. ಏನಿಲ್ಲ ಎಂಬುದರಲ್ಲಿ ದಿನಕ್ಕೆ ಮೂರು ನಾಲ್ಕು ತಾಸಿನ ಮೆಣಸಿನಕಾಯಿ ಇದೆ ಎಂದು ನನಗೂ ಹೊಳೆಯಲಿಲ್ಲ.

ಡಾಕ್ಟರು ವಿವರವಾಗಿ ಹೇಳಿದರು. ಇಂಥ ಚರ್ಮಕ್ಕೆ ಸೋಪೇ ಶತ್ರು. ಕೈಯನ್ನು ಬರೀ ನೀರಿನಲ್ಲಿ ತೊಳೆಯಬೇಕು. ಒರೆಸಿದಂತೆ ಮಾಡಿ, ಪಸೆ ಇರುವಾಗಲೇ ಕ್ರೀಮು ಹಚ್ಚಬೇಕು. ಚರ್ಮ ತನ್ನ ನೀರನ್ನು ಹಿಡಿದಿಟ್ಟುಕೊಳ್ಳಲಾರದು, ಕ್ರೀಮು ಅದಕ್ಕೆ ಮುಚ್ಚಳವಿದ್ದಂತೆ. ಮಗುವಿಗೂ ಅದೇ, ನನಗೂ ಅದೇ, ದಿನಕ್ಕೆ ನಾಲ್ಕೈದು ಸಲ, ಕೈ ಬಿಗಿ ಹಿಡಿಯದೆ. ಬಣ್ಣವಿಲ್ಲದ, ಪರಿಮಳವಿಲ್ಲದ ಬಿಳಿ ಕ್ರೀಮಿನ ದೊಡ್ಡ ಡಬ್ಬಿ ಬರೆದುಕೊಟ್ಟರು. "ಇಬ್ಬರಿಗೂ ಒಂದೇ ಸಾಕು," ಎಂದರು. ಮೊದಲ ಸಲ ಯಾರೋ ಒಬ್ಬರು ನನ್ನ ಚರ್ಮವನ್ನು ಬಯ್ಯದೆ ಮಾತಾಡಿದ್ದರು. ಮೆಟ್ಟಿಲಿಳಿಯುವಾಗ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೆ.

ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಆ ಗುಣವೇ ನನ್ನನ್ನು ಕೆಡಿಸಿತು. ಅಂಗಳದಿಂದ ಎದ್ದು ಬಂದು, ಸೋಪು ಮುಟ್ಟದೆ, ನೀರಿನಲ್ಲಿ ಕೈ ತೊಳೆದು, ಒರೆಸಿ, ಡಬ್ಬಿಗೆ ಎರಡು ಬೆರಳು ಹಾಕಿ ಮೊದಲು ನನ್ನ ಕೈಗೆ, ಆಮೇಲೆ ಮಗುವಿನ ಕೆನ್ನೆಗೆ, ಕತ್ತಿಗೆ, ಮಡಿಕೆಗಳಿಗೆ ಹಚ್ಚುತ್ತಿದ್ದೆ. ಮಗು ಕಿರುಚುತ್ತಿತ್ತು. ಹೊಸದರಲ್ಲಿ ಹಾಗೇ, ಒಡೆದ ಚರ್ಮಕ್ಕೆ ಏನು ಹಚ್ಚಿದರೂ ಸ್ವಲ್ಪ ಉರಿಯುತ್ತದೆ ಎಂದುಕೊಂಡೆ. ನಾಲ್ಕು ಸಲ ಹಚ್ಚುವಲ್ಲಿ ಆರು ಸಲ ಹಚ್ಚಿದೆ.

ಎರಡು ವಾರಕ್ಕೆ ಪರಿಸ್ಥಿತಿ ಎಲ್ಲಿಗೆ ಬಂತೆಂದರೆ, ಡಬ್ಬಿಯ ಮುಚ್ಚಳದ ಸಪ್ಪಳ ಕೇಳಿದರೆ ಮಗು ಮುಖ ತಿರುಗಿಸುತ್ತಿತ್ತು. ಹಾಲು ಕುಡಿಯುವಾಗ ನನ್ನ ಕೈ ಅವಳ ದುಪಟಿಯ ಮೇಲಿದ್ದರೆ ಸುಮ್ಮನಿರುತ್ತಿದ್ದಳು. ಕುಡಿದು ಮುಗಿಸಿದ ಮೇಲೆ ಬಾಯಿ ಒರೆಸಲು ಹೋದರೆ ಅಳು. ಎತ್ತಿಕೊಂಡು ಕೆನ್ನೆ ಸವರಿದರೆ ಅಳು. ಅದೇ ಅತ್ತೆ ಎತ್ತಿಕೊಂಡರೆ ನಗು. ನನ್ನ ಕಣ್ಣೆದುರಿಗೇ, ನಾನು ಹೆತ್ತ ಮಗು, ನನ್ನ ಕೈಯಿಂದ ಅತ್ತೆಯ ಕೈಗೆ ಹೋದ ಕೂಡಲೇ ನೀರಿಗೆ ಬಿಟ್ಟ ಮೀನಿನ ಹಾಗಾಗುತ್ತಿತ್ತು.

ಓಣಿಯ ಹೆಂಗಸರು ಬಂದಾಗ ಅತ್ತೆ ಒಂದು ದಿನ ಹೇಳಿದರು, "ಕೆಲವರ ಕೈಗುಣ ಹಂಗಿರ್ತೈತಿ ಬಿಡ್ರಿ. ಏನ್ ಮಾಡಾಕ ಬರ್ತೈತಿ?"

ಕೈಗುಣ. ಸಾರಿನ ರುಚಿಗೆ, ಬಿತ್ತಿದ ಬೀಜಕ್ಕೆ, ಡಾಕ್ಟರರ ಔಷಧಕ್ಕೆ ಹೇಳುವ ಮಾತು. ಹೆತ್ತವಳ ಕೈಗೆ ಹೇಳಿದ್ದನ್ನು ಅವತ್ತೇ ಕೇಳಿದ್ದು. ಹೆಂಗಸರು ನನ್ನ ಕೈ ನೋಡಿದರು. ನಾನೂ ನೋಡಿಕೊಂಡೆ. ಕ್ರೀಮು ಹಚ್ಚಿ ಹಚ್ಚಿ ಹೊಳೆಯುತ್ತಿತ್ತು, ಒಡಕುಗಳು ಮಾತ್ರ ಹಾಗೇ ಇದ್ದವು. ಕತ್ತರಿಸಿ ಹಾಕಬೇಕು ಅನ್ನಿಸುವಷ್ಟು ಸಿಟ್ಟು ಬಂತು.

ಅವತ್ತಿನಿಂದ ಏರ್ಪಾಟು ಬದಲಾಯಿತು. "ನೀ ಅಲ್ಲಿ ಕುಂದ್ರು. ಕೂಸಿನ ನಾ ಹಿಡೀತೀನಿ," ಎಂದು ಅತ್ತೆ ರಾಶಿಯಿಂದ ಎದ್ದುಹೋದರು. ಬಟ್ಟೆ ಸೋಪಿನಿಂದ ಮೊಣಕೈವರೆಗೂ ಗಸಗಸ ಉಜ್ಜಿ ತೊಳೆದುಕೊಂಡು ಮಗುವನ್ನೆತ್ತಿಕೊಂಡು ಪಡಸಾಲೆಯಲ್ಲಿ ಕೂತರು. ಸೋಪು ಎಷ್ಟು ಕೆಟ್ಟದ್ದೆಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದರೆ, "ನನಗ ಹೇಳ್ಯಾರೇನು?" ಎಂದರು. ಅವರ ಪಾಲಿನ ಕಾಯಿಯೂ ನನ್ನ ಪಾಲಿಗೆ ಬಂತು. ಮಗು ನನ್ನ ಕೈ ಸೇರುವುದಿಲ್ಲ, ಆದ್ದರಿಂದ ನನ್ನ ಕೈ ಹೆಚ್ಚು ತುಂಬು ಬಿಡಿಸಲಿ. ಹೆಚ್ಚು ಬಿಡಿಸಿದಷ್ಟೂ ಮಗು ನನ್ನಿಂದ ದೂರವಾಗುತ್ತಿತ್ತು. ಈಗ ಬರೆಯುವಾಗ ಇಷ್ಟು ಸರಳವಾಗಿ ಕಾಣುವುದು ಆಗ ಕಾಣಲಿಲ್ಲ.

ಮತ್ತೆ ಹಾವೇರಿಗೆ ಹೋದೆವು. ಡಾಕ್ಟರು ಕೆನ್ನೆ ನೋಡಿ ಹುಬ್ಬು ಗಂಟಿಕ್ಕಿದರು. "ಸರಿಯಾಗಿ ಹಚ್ತಾ ಇಲ್ಲ ನೀವು," ಎಂದರು. ದಿನಕ್ಕೆ ಆರು ಸಲ ಹಚ್ಚುತ್ತೇನೆ ಎಂದೆ. ನಂಬಿದಂತೆ ಕಾಣಲಿಲ್ಲ. ಸೋಪು ಹಾಕುತ್ತೀರಾ ಎಂದರು. ದೇವರಾಣೆ ಇಲ್ಲ ಎಂದೆ. ಅದೊಂದನ್ನು ಮಾತ್ರ ನಂಬಿ, ಭೇಷ್ ಎಂದರು. ಇನ್ನೊಂದು ಮುಲಾಮು ಬರೆದು, ಹಳೆಯ ಕ್ರೀಮು ಹಾಗೇ ಮುಂದುವರಿಯಲಿ ಎಂದು ಕಳಿಸಿದರು. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಮಗುವಿಗೆ ಬಾಳೆಹಣ್ಣು ನೆಕ್ಕಿಸುತ್ತ ಕೂತಿದ್ದರು. ನಾನು ಬೋರ್ಡು ಓದುವವಳ ಹಾಗೆ ಆ ಕಡೆ ತಿರುಗಿ ಅಳುತ್ತಿದ್ದೆ.

ಸಂಕ್ರಾಂತಿಗೆ ತವರಿಗೆ ಹೋದೆ. ಹೊರಡುವ ಗಡಿಬಿಡಿಯಲ್ಲಿ ಡಬ್ಬಿ ಮರೆತಿದ್ದೆ. ರಾಣೆಬೆನ್ನೂರಿನ ಔಷಧ ಅಂಗಡಿಯಲ್ಲಿ ಅದೇ ಕ್ರೀಮಿನ ಹೊಸ ಡಬ್ಬಿ ತಂದುಕೊಂಡೆ. ಮೊದಲ ದಿನ ಮಗು ಅಭ್ಯಾಸ ಬಲದಿಂದ ಅತ್ತಳು. ಮೂರನೇ ದಿನ ಅಳಲಿಲ್ಲ. ಎಂಟು ದಿನಕ್ಕೆ ಕೆನ್ನೆಯ ಕೆಂಪು ಇಳಿದು, ಮೊದಲ ಸಲ ನನ್ನ ಅಂಗೈಗೆ ತಾನಾಗಿ ಕೆನ್ನೆ ಒತ್ತಿ ಮಲಗಿದಳು. ಕೈ ಜೋಮು ಹಿಡಿದರೂ ನಾನು ಅಲ್ಲಾಡಲಿಲ್ಲ.

ಅವ್ವ ತೀರ್ಪು ಕೊಟ್ಟಳು, "ನೀರು ನೋಡವಾ, ನೀರು. ಬ್ಯಾಡಗಿ ನೀರು ಈ ಕೂಸಿಗಿ ಒಗ್ಗಂಗಿಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಬ್ಯಾಡಗಿಯ ನೀರನ್ನು ಹಿಡಿದೆವು. ನಾನು ಗಂಡನ ಬೆನ್ನು ಹತ್ತಿ, ರಾಣೆಬೆನ್ನೂರಿನಿಂದ ಎರಡು ಕ್ಯಾನು ನೀರು ತರಿಸಿದೆ. ಬಸ್ಸಿನಲ್ಲಿ ಕಂಡಕ್ಟರು, "ಏನ್ರಿ ಇದು, ಎಣ್ಣೀನ?" ಎಂದು ಕೇಳಿದನಂತೆ. ನೀರು ಎಂದಾಗ, "ಬ್ಯಾಡಗ್ಯಾಗ ನಳಾ ಬಂದ್ ಆಗ್ಯಾವೇನ್ರಿ?" ಎಂದು ಇಡೀ ಬಸ್ಸಿಗೆ ಕೇಳಿಸುವಂತೆ ಅಂದನಂತೆ. ಗಂಡ ಮನೆಗೆ ಬಂದು ಕ್ಯಾನನ್ನು ಧಡ್ಡನೆ ಇಟ್ಟು, ಇನ್ನೊಂದು ಸಲ ಹೋಗುವುದಿಲ್ಲ ಎಂದ. ಆದರೂ ಇನ್ನೆರಡು ಸಲ ತಂದ. ಆ ನೀರಿನಲ್ಲಿ ಮಗುವಿನ ಮುಖ ತೊಳೆದೆ. ಆ ನೀರಿನಲ್ಲೇ ನನ್ನ ಕೈ ತೊಳೆದೆ. ಬ್ಯಾಡಗಿಯ ಹಳೆಯ ಡಬ್ಬಿ ಅರ್ಧ ಹಾಗೇ ಇತ್ತು, ಅದನ್ನೇ ಹಚ್ಚಿದೆ. ನಾಲ್ಕು ದಿನಕ್ಕೆ ಕೆನ್ನೆ ಮೊದಲಿನ ಹಾಗೇ ಸುಟ್ಟಂತಾಯಿತು. ಕೊನೆಯ ಕ್ಯಾನಿನ ನೀರನ್ನು ಅತ್ತೆ ತುಳಸಿಗೆ ಹಾಕಿದರು.

ಅಷ್ಟು ಹೊತ್ತಿಗೆ ನನಗೆ ಎಲ್ಲರ ಮೇಲೂ ಹೇಸಿಕೆ ಬಂದಿತ್ತು. ಅತ್ತೆ ದೇವರಗುಡ್ಡದಿಂದ ಭಂಡಾರದ ಅರಿಶಿನ ತರಿಸಿ ಮಗುವಿನ ಹಣೆಗಿಟ್ಟರು. ನಾನು ಕೆನ್ನೆಗೆ ಮಾತ್ರ ಬೇಡಿ ಎಂದಾಗ, "ದೇವರೂ ಬ್ಯಾಡೇನು ನಿನಗ?" ಎಂದರು. ಇನ್ನೊಂದು ಮಾತೂ ಮನೆಯಲ್ಲಿ ಸುಳಿದಾಡತೊಡಗಿತ್ತು. ಒಂದು ವರ್ಷ ಕೂಸನ್ನು ಪೂರ್ತಿ ಅತ್ತೆಯೇ ನೋಡಿಕೊಳ್ಳಲಿ, ಮೇಲಿನ ಹಾಲು ರೂಢಿ ಮಾಡಿಸಿದರಾಯಿತು ಎಂಬ ಮಾತು. ನನ್ನ ಗಂಡ ಅದನ್ನು ವಿರೋಧಿಸಲಿಲ್ಲ. "ಕೂಸು ಆರಾಮ ಆಗಬೇಕಲ್ಲ," ಎಂದ. ನನಗೂ ಅದೇ ಬೇಕಿತ್ತು, ಅದೇ ತಾಪತ್ರಯ. ನಾನು ದೂರವಾದರೆ ಅವಳಿಗೆ ಆರಾಮವಾಗುತ್ತದೆ ಎಂಬುದು ನನ್ನ ಕಣ್ಣಿಗೇ ಕಾಣುತ್ತಿತ್ತಲ್ಲ.

ಅಂಥದ್ದರಲ್ಲಿ ಒಂದು ದಿನ ಊಟದ ಹೊತ್ತಿಗೆ ಮೊದಲೇ ಮಗು ಎದ್ದು ಅತ್ತಿತು. ಅತ್ತೆ ಗುಡಿಗೆ ಹೋಗಿದ್ದರು. ರಾಶಿಯ ಮುಂದೆ ನಾನು, ಹಿಂದಿನ ಓಣಿಯ ಮುದುಕಿ ಇಬ್ಬರೇ. ನಾನೆದ್ದು ಬಚ್ಚಲ ಕಲ್ಲಿನ ಮೇಲೆ ನೀರು ಸುರಿದುಕೊಂಡು ಕೈ ತೊಳೆದೆ, ಸೆರಗಿಗೆ ಒರೆಸಿದೆ, ಡಬ್ಬಿ ತೆಗೆದೆ. ಮುದುಕಿ ಕಾಯಿ ಮುರಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

"ಅಕ್ಕಾರ, ಹಂಗ ಮುಟ್ತೀರೇನು ಕೂಸಿಗಿ?"

"ತೊಳಕೊಂಡೇನಲ್ಲಬೇ."

"ತೊಳಕೊಂಡ್ರೇನಾತ್ರಿ, ಬರೇ ನೀರು. ಇಲ್ಲಿ ಬರ್ರಿ." ನನ್ನ ಕೈ ಹಿಡಿದು ಮೂಸಿದಳು. ಮುಖ ಹಿಂದಕ್ಕೆ ತೆಗೆದಳು. "ಖಾರ ನೀರಿಗಿ ಹೋಗಂಗಿಲ್ರಿ. ಜಿಡ್ಡಿನ್ಯಾಗ ಕುಂದರತೈತಿ. ನೀವು ಮ್ಯಾಲ ಮತ್ತ ಜಿಡ್ಡ ಹಚ್ಚಾಕತ್ತೀರಿ. ನಾಲಿಗಿಗಿ ಹಚ್ಚಿ ನೋಡ್ರಿ ಬೇಕಾರ."

ಬೆರಳನ್ನು ನಾಲಿಗೆಗೆ ಇಟ್ಟೆ. ಮೊದಲು ಕ್ರೀಮಿನ ಕಹಿ, ಆಮೇಲೆ ಸಣ್ಣಗೆ ಚುರುಚುರು, ಆಮೇಲೆ ನಾಲಿಗೆಯ ತುದಿ ಕಾದು ಬಂತು. ಮುದುಕಿ ಮಾತಾಡುತ್ತಲೇ ಇದ್ದಳು. ಅವರ ಓಣಿಯಲ್ಲಿ ಹಾಲೂಡುವ ಹೆಂಗಸರು ತುಂಬು ಬಿಡಿಸಿ ಹೋದರೆ ಮೊದಲು ಕೈಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ ಎರಡು ಸಲ ತೊಳೆದು, ಸೀರೆ ಬದಲಿಸಿಯೇ ಕೂಸನ್ನು ಮುಟ್ಟುವುದಂತೆ. ಹೊಸದಾಗಿ ಕೂಲಿಗೆ ಬಂದವಳಿಗೆ ಮೊದಲು ಹೇಳಿಕೊಡುವುದೇ ಇದನ್ನಂತೆ. "ನಿಮಗ ಯಾರೂ ಹೇಳಿಲ್ಲೇನ್ರಿ?" ಎಂದಳು.

ಯಾರು ಹೇಳಬೇಕು? ಅವರಿಗೆ ಅದು ಕೆಲಸ, ಕೆಲಸಕ್ಕೊಂದು ರೀತಿ ಇರುತ್ತದೆ, ಕಲಿಸುವವರಿರುತ್ತಾರೆ. ನಮ್ಮದು ಏನಿಲ್ಲ. ಏನಿಲ್ಲವನ್ನು ಕಲಿಸುವುದು ಹೇಗೆ?

ಆಮೇಲೆ ನನಗೆ ಡಬ್ಬಿಯ ನೆನಪಾಯಿತು. ಬೆಳಕಿಗೆ ಹಿಡಿದು ನೋಡಿದೆ. ಬಿಳಿ ಕ್ರೀಮು ಪೂರ್ತಿ ಬಿಳಿ ಇರಲಿಲ್ಲ. ನನ್ನ ಎರಡು ಬೆರಳು ದಿನಕ್ಕೆ ಆರು ಸಲ ಹೋಗಿ ಬಂದ ಗುಂಡಿಯ ಅಂಚಿನಲ್ಲಿ ಕೇಸರಿಯ ಒಂದು ಎಳೆ. ಅಲ್ಲಿಂದ ಸ್ವಲ್ಪ ತೆಗೆದು ನಾಲಿಗೆಗಿಟ್ಟೆ. ಕಣ್ಣಲ್ಲಿ ನೀರು ಬಂತು. ಇದನ್ನು ನಾನು ಐದು ತಿಂಗಳ ಮಗುವಿನ ಒಡೆದ ಕೆನ್ನೆಗೆ, ಕತ್ತಿನ ಮಡಿಕೆಗೆ, ಪ್ರೀತಿಯಿಂದ, ಕೈ ಬಿಗಿ ಹಿಡಿಯದೆ ಹಚ್ಚಿದ್ದೆ. ಅಳುವಾಗ ಕೈ ಒತ್ತಿ ಹಿಡಿದು ಹಚ್ಚಿದ್ದೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುತ್ತಾರೆ. ನಾವು ರಾಣೆಬೆನ್ನೂರಿನ ನೀರು ತರಿಸಿದ್ದೆವು.

ಅತ್ತೆ ಗುಡಿಯಿಂದ ಬಂದಾಗ ನಾನು ಪಡಸಾಲೆಯಲ್ಲೇ ನಿಂತಿದ್ದೆ. ಡಬ್ಬಿ ಮುಂದೆ ಹಿಡಿದು, "ಅತ್ತಿ, ಇದನ್ನ ನಾಲಿಗಿಗಿ ಹಚ್ಚಿ ನೋಡ್ರಿ," ಎಂದೆ.

"ಹುಚ್ಚ ಹಿಡದೈತೇನು? ಮೈಗಿ ಹಚ್ಚೂದನ್ನ..."

"ನೋಡ್ರಿ."

ಆ ಮನೆಯಲ್ಲಿ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಬೆರಳ ತುದಿಯಲ್ಲಿ ತೆಗೆದು ನೆಕ್ಕಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಬಾಯಿ ಸ್ವಲ್ಪ ತೆರೆದು ಉಸಿರೆಳೆದುಕೊಂಡರು. ಒಳಗೆ ಹೋಗಿ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಬಂದರು. ನಾನು ಕಾದೆ. ಬ್ಯಾಡಗಿ ಕಾಯಿ ಖಾರ ಇಲ್ಲ ಎಂದು ಹೇಳುತ್ತಾರೆಂದು ಕಾದೆ, ಹೇಳಿದರೆ ಏನೇನು ಅನ್ನಬೇಕೆಂದು ಸಾಲು ಹಿಡಿದು ಇಟ್ಟುಕೊಂಡಿದ್ದೆ. ಅವರು ಅದನ್ನು ಹೇಳಲಿಲ್ಲ. ತೊಟ್ಟಿಲ ಹತ್ತಿರ ಹೋಗಿ ಮಗುವನ್ನು ನೋಡುತ್ತ ನಿಂತರು.

"ನಿನ್ನ ಗಂಡನೂ ಸಣ್ಣಾವಿದ್ದಾಗ ಭಾಳ ಅಳತಿದ್ದ," ಎಂದರು. ಅಷ್ಟೇ. ಹೋಗಿ ಸೀರೆ ಬದಲಿಸಿದರು.

ನನ್ನ ಸಾಲುಗಳೆಲ್ಲ ನನ್ನಲ್ಲೇ ಉಳಿದವು. ಇವತ್ತಿಗೂ ಅವು ಎಲ್ಲೋ ಇವೆ. ತಪ್ಪಾಯಿತು ಎಂದು ಅತ್ತೆ ಯಾವತ್ತೂ ಹೇಳಲಿಲ್ಲ, ನಾನು ಮಗುವಿಗೆ ಹೇಳಲು ಅದಕ್ಕೆ ಮಾತು ಬರುತ್ತಿರಲಿಲ್ಲ. ಮೇಲಿನ ಹಾಲಿನ ಮಾತು ಮಾತ್ರ ಅವತ್ತಿಗೇ ನಿಂತಿತು.

ಮುಂದಿನ ಸಲ ಹಾವೇರಿಗೆ ನಾನೊಬ್ಬಳೇ ಮಗುವನ್ನೆತ್ತಿಕೊಂಡು ಹೋದೆ. ಡಾಕ್ಟರು ಕೇಳುವ ಮೊದಲೇ, "ನಾನು ಮೆಣಸಿನಕಾಯಿ ತುಂಬು ಬಿಡಿಸ್ತೀನ್ರಿ, ದಿನಾ," ಎಂದೆ. ಅವರು ಪೆನ್ನು ಕೆಳಗಿಟ್ಟರು. "ಮೊದಲೇ ಹೇಳಬೇಕಲ್ಲಮ್ಮ?" ಎಂದರು. "ನೀವು ಕೇಳಿದ್ರಿ, ನಾವು ಏನಿಲ್ಲ ಅಂದಿವ್ರಿ," ಎಂದೆ. ಅವರಿಗೆ ಸಿಟ್ಟು ಬಂತೋ ನಾಚಿಕೆಯಾಯಿತೋ ಗೊತ್ತಾಗಲಿಲ್ಲ. ಎಣ್ಣೆ ತಿಕ್ಕಿ ಸೋಪಿನಲ್ಲಿ ತೊಳೆಯುವ ಮುದುಕಿಯ ರೀತಿಯೇ ಸರಿ ಎಂದರು. ಸೋಪು ಮಾತ್ರ ಮೆತ್ತಗಿನದು ಇರಲಿ, ತೊಳೆದ ಮೇಲೆ ಕ್ರೀಮು ಬಿಡಬೇಡಿ, ಮಗುವಿಗೆ ಬೇರೆ ಡಬ್ಬಿ, ತೆಗೆಯಲು ಚಮಚ, ಕಾಯಿಯ ರಾಶಿಯ ಹತ್ತಿರ ಮಗುವನ್ನು ತರಬೇಡಿ. ರಬ್ಬರ್ ಕೈಗವಸು ಹಾಕಿಕೊಳ್ಳಿ ಎಂದರು. ಅದನ್ನು ಹಾಕಿಕೊಂಡು ಕೂತ ಮೊದಲ ದಿನ ಅತ್ತೆ, "ಆಪರೇಶನ್ ಮಾಡಾಕ ಕುಂತಾಳ," ಎಂದು ಓಣಿಗೆಲ್ಲ ಹೇಳಿ ನಗಿಸಿದರು. ಅದರೊಳಗೆ ಬೆವರು ನಿಂತು ನನ್ನ ಕೈಗೆ ಬೇರೆ ದದ್ದಾಯಿತು. ನನ್ನ ಚರ್ಮಕ್ಕೆ ಯಾವುದು ಸರಿ ಬಂದಿದೆ?

ಮಗುವಿನ ಕೆನ್ನೆ ಹದಿನೈದು ದಿನದಲ್ಲಿ ತಿಳಿಯಾಯಿತು. ಅಂಜಿಕೆ ಹೋಗಲು ತಿಂಗಳುಗಟ್ಟಲೆ ಹಿಡಿಯಿತು. ಡಬ್ಬಿ ಬದಲಾದದ್ದು ಅವಳಿಗೇನು ಗೊತ್ತು? ಸೀಗೆಪುಡಿ, ಸೋಪು, ಮಜ್ಜಿಗೆ ಎಲ್ಲ ಹಾಕಿ ತೊಳೆದು, ಬೆರಳನ್ನು ಮೂಗಿಗೆ ಹಿಡಿದು ಮೂಸಿ, ನಾಲಿಗೆಗೆ ಹಚ್ಚಿ ನೋಡಿ, ಆಮೇಲೆ ಅವಳ ಹತ್ತಿರ ಹೋಗುತ್ತಿದ್ದೆ. ಆದರೂ ಮುಖ ತಿರುಗಿಸುತ್ತಿದ್ದಳು. ಕಾದು ಕಾದು, ಅವಳು ಬೇರೆ ಏನನ್ನೋ ನೋಡುವಾಗ ಕಳ್ಳಿಯ ಹಾಗೆ ಒಂದು ಬೆರಳು ಕೆನ್ನೆಗೆ ತಾಕಿಸುತ್ತಿದ್ದೆ. ಹಾಗೆ ತಾಕಿಸಿ ತಾಕಿಸಿ, ಒಂದು ದಿನ ಅವಳು ತಿರುಗದೆ ಉಳಿದಳು.

ಮೂಸುವ ಚಾಳಿ ಮಾತ್ರ ನನಗೆ ಅಂಟಿಕೊಂಡಿತು, ನನ್ನಿಂದ ಅವಳಿಗೂ. ಮಾತು ಬಂದ ಮೇಲೆ, ಮೈಗೆ ಕ್ರೀಮು ಹಚ್ಚುವಾಗ ಮೊದಲು ನನ್ನ ಕೈ ಹಿಡಿದು ಮೂಸಿ ನೋಡುತ್ತಿದ್ದಳು. ವಾಸನೆ ಇಲ್ಲದಿದ್ದರೆ ಕೆನ್ನೆ ಕೊಡುತ್ತಿದ್ದಳು. ನೋಡಿದವರು ಆಟ ಅಂದುಕೊಂಡು ನಗುತ್ತಿದ್ದರು.

ಶಾಲೆಗೆ ಹೆಸರು ಹಚ್ಚಲು ಹೋದ ದಿನ ಟೀಚರು ಫಾರಂ ತುಂಬುತ್ತಿದ್ದರು. ತಂದೆಯ ಉದ್ಯೋಗ ವ್ಯಾಪಾರ ಎಂದು ಬರೆದಾಯಿತು. ಹುಡುಗಿಯ ಮಾತು ಹೇಗಿದೆ ನೋಡಲೆಂದೋ ಏನೋ, ಅವಳ ಕಡೆ ಬಗ್ಗಿ, "ನಿಮ್ಮವ್ವ ಏನ್ ಮಾಡ್ತಾರ ಪುಟ್ಟಿ?" ಎಂದು ಕೇಳಿದರು.

ನನ್ನ ಗಂಡ ತಾನೇ ಹೇಳಿದ, "ಏನಿಲ್ರಿ, ಮನ್ಯಾಗ ಇರ್ತಾಳ."

ಮಗಳು ನನ್ನ ಕೈಯನ್ನು ಎಳೆದುಕೊಂಡಳು. ಮೂಗಿಗೆ ಹಿಡಿದು ಮೂಸಿದಳು. ಆಮೇಲೆ ಟೀಚರಿಗೆ, "ತುಂಬು ಬಿಡಸ್ತಾಳ್ರಿ. ಇವತ್ತ ಬಿಡಿಸಿಲ್ಲ," ಎಂದಳು.

ಟೀಚರು ನಕ್ಕರು, ಗಂಡನೂ ನಕ್ಕ. ನಾನು ಫಾರಂ ನೋಡುತ್ತಿದ್ದೆ. ತಾಯಿಯ ಉದ್ಯೋಗ ಎಂಬಲ್ಲಿ ಟೀಚರು ದುಂಡನೆಯ ಅಕ್ಷರದಲ್ಲಿ 'ಏನಿಲ್ಲ' ಎಂದು ಬರೆದರು.